ಹಲ್ಲಿನ ಬಿಳುಪು

ಕಾಲೇಜಿನ ಗುಂಪುಚಿತ್ರದಲ್ಲಿ ನಾನೊಬ್ಬನೇ ಬಾಯಿ ಬಿಗಿದು ನಿಂತಿದ್ದೇನೆ. ನಾನು ಪಾವಗಡದ ಕಡೆಯವನು. ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. "ಹಲ್ಲುಜ್ಜುವುದಿಲ್ಲವೇನಯ್ಯಾ?" ಎಂದು ಮಿತ್ರರು ಕೇಳುತ್ತಾರೆ. ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಎಲ್ಲದರಿಂದಲೂ ಉಜ್ಜಿದ್ದಾಯಿತು. ಸವೆದದ್ದು ಎನಾಮಲು, ಕಲೆಯಲ್ಲ. ಸವೆದ ಎನಾಮಲು ಮತ್ತೆ ಬೆಳೆಯದು.

ಇದು ಕೊಳೆಯಲ್ಲ. ವಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ನಾನು ಕುಡಿದ ಕೊಳವೆಬಾವಿ ನೀರಿನ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಮನ್ನು ಅದು ಮೀರಬಾರದು.

ಚಹಾ, ಎಲೆಯಡಿಕೆಗಳ ಮೇಲುಕಲೆಯನ್ನು ದಂತವೈದ್ಯರು ಶುಚಿಮಾಡಿಯೇ ತೆಗೆಯಬಲ್ಲರು. ಒಳಬಣ್ಣಕ್ಕೆ ಪೆರಾಕ್ಸೈಡು ಬೇಕು; ಅದು ಎನಾಮಲಿನೊಳಕ್ಕೆ ಇಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಹುಳುಕನ್ನು ಮೊದಲು ಮುಚ್ಚಿಸಿ, ಹಲ್ಲಿನ ಅಳತೆಗೆ ಅಚ್ಚು ಮಾಡಿಸಿ, ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡನ್ನು ವೈದ್ಯರು ಹೇಳಿದಂತೆ ಬಳಸಿದರೆ ಭಯವಿಲ್ಲ. ಕೆಲದಿನ ಹಲ್ಲು ಜುಮ್ಮೆನ್ನಬಹುದು, ಅಷ್ಟೆ. ಹೆಸರು ವಿಳಾಸವಿಲ್ಲದ ಪುಡಿಯನ್ನು ತರಿಸಿಕೊಂಡು ತಿಕ್ಕುವ ನಮ್ಮ ಹಾಸ್ಟೆಲಿನ ಗೆಳೆಯರ ಧೈರ್ಯವನ್ನು ಮೆಚ್ಚಲೇಬೇಕು!

ನನ್ನಂಥವರ ಪಟ್ಟೆಗೆ ಪೆರಾಕ್ಸೈಡೊಂದೇ ಸಾಲದೆ, ಆಮ್ಲ ಬೆರೆತ ಲೇಪದಿಂದ ವೈದ್ಯರು ಮೇಲ್ಪದರವನ್ನು ತುಸುವೇ ತೇಯುವುದೂ ಉಂಟು. ಪರೀಕ್ಷೆ ಮುಗಿಯಲಿ, ಹೋಗಿ ತೋರಿಸುತ್ತೇನೆ. ಅಣ್ಣನ ಮಗಳಿಗೆ ಈಗ ನಾಲ್ಕು ವರ್ಷ. ಅವಳ ದೊಡ್ಡ ಹಲ್ಲುಗಳಿನ್ನೂ ವಸಡಿನೊಳಗಿವೆ. ಶುದ್ಧನೀರಿನ ಘಟಕದ ಕ್ಯಾನು ಒಂದು ದಿನವೂ ತಪ್ಪಕೂಡದೆಂದು ಅವ್ವನಿಗೆ ಹೇಳಿ ಬಂದಿದ್ದೇನೆ.