ಜಾಗ ಬದಲಿಸಿದ ಚುಕ್ಕಿ

ಮಕ್ಕಳೇ, ಈ ವಾರದ ಪ್ರಶ್ನೆ ನಮ್ಮ ಮಡಿವಾಳದ ಬೀದಿಯದ್ದೇ. ಪಕ್ಕದ ಮನೆಯ ಏಳನೇ ತರಗತಿ ಹುಡುಗಿ ಕೇಳಿದಳು: “ತಾತ, ಇಲ್ಲೇ ಕೂತು ಒಂದು ಹೊಸ ಕ್ಷುದ್ರಗ್ರಹ ಕಂಡುಹಿಡಿಯೋಕೆ ಆಗುತ್ತಾ?” ಅವಳ ಅಜ್ಜಿ ಸೊಪ್ಪು ಬಿಡಿಸುತ್ತಾ, “ಈ ದೀಪಗಳ ಮಧ್ಯೆ ಚಂದ್ರ ಕಂಡರೇ ಪುಣ್ಯ, ಇನ್ನು ಅದೆಲ್ಲಿ ಕಾಣುತ್ತೆ?” ಅಂದರು. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರ ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. ಕ್ಷುದ್ರ ಎಂದ ಕೂಡಲೇ ಹಿರಿಯರಿಗೆ ಕ್ಷುದ್ರ ಬುದ್ಧಿ, ಕ್ಷುದ್ರ ಶಕ್ತಿ ಎಲ್ಲ ನೆನಪಾಗುತ್ತದೆ. ಇಲ್ಲಿ ಆ ಪದಕ್ಕೆ ‘ಚಿಕ್ಕದು’ ಎಂದಷ್ಟೇ ಅರ್ಥ. ಗ್ರಹಗಳಂತೆಯೇ ಸೂರ್ಯನನ್ನು ಸುತ್ತುವ ಕಲ್ಲು, ಲೋಹಗಳ ಚಿಕ್ಕ ಕಾಯಗಳು ಇವು. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಇವೆ. ಈಗ ನಮಗೆ ಗೊತ್ತಿರುವ ಕ್ಷುದ್ರಗ್ರಹಗಳ ಲೆಕ್ಕ 14 ಲಕ್ಷ ದಾಟಿದೆ.

ಮೊಟ್ಟಮೊದಲು ಸಿಕ್ಕಿದ್ದು ಸಿರಿಸ್. 1801ರ ಜನವರಿ 1ರ ರಾತ್ರಿ, ಇಟಲಿಯ ಪಲೆರ್ಮೊ ಊರಿನಲ್ಲಿ ಪಿಯಾಜಿ ಎಂಬ ಪಾದ್ರಿ ಅದನ್ನು ಕಂಡರು. ಅವರು ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದರು. ಮರುರಾತ್ರಿ ನೋಡಿದರೆ ಒಂದು ಚುಕ್ಕಿ ಜಾಗ ಬದಲಿಸಿತ್ತು. ನಕ್ಷತ್ರ ಹಾಗೆ ಒಂದೇ ರಾತ್ರಿಯಲ್ಲಿ ಪಕ್ಕದ ನಕ್ಷತ್ರದಿಂದ ಸರಿದುಹೋಗುವುದಿಲ್ಲ. ಫೆಬ್ರುವರಿಯವರೆಗೆ ಅದನ್ನು ಹಿಂಬಾಲಿಸಿದರು. ಆಮೇಲೆ ಅವರಿಗೆ ಕಾಯಿಲೆಯಾಯಿತು. ಅಷ್ಟರಲ್ಲಿ ಚುಕ್ಕಿಯೂ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮತ್ತೆ ಎಲ್ಲಿ ಹುಡುಕುವುದು? ಜರ್ಮನಿಯ ಗಾಸ್ ಎಂಬ 24 ವರ್ಷದ ಗಣಿತಜ್ಞರು ಪಿಯಾಜಿ ಬರೆದಿಟ್ಟ ಸ್ಥಾನಗಳನ್ನೇ ಹಿಡಿದು ಲೆಕ್ಕ ಹಾಕಿ, ಇಂಥ ಕಡೆ ನೋಡಿ ಎಂದರು. ಅದೇ ವರ್ಷದ ಕೊನೆಯ ದಿನ ಸಿರಿಸ್ ಮತ್ತೆ ಸಿಕ್ಕಿತು.

ಇಲ್ಲೇ ಇಡೀ ಕಥೆಯ ಗುಟ್ಟು ಇದೆ ಮಕ್ಕಳೇ. ಕಣ್ಣಿಗೆ ಬಿದ್ದರೆ ಸಾಲದು, ಕೈ ತಪ್ಪದಂತೆ ಹಿಂಬಾಲಿಸಬೇಕು. ಈ ಕೆಲಸಕ್ಕೆ ದೊಡ್ಡ ಹುದ್ದೆ ಬೇಕಿಲ್ಲ, ತಾಳ್ಮೆ ಬೇಕು.

ಅದಕ್ಕೇ ಹವ್ಯಾಸಿಗಳು ಇದರಲ್ಲಿ ಮೊದಲಿನಿಂದಲೂ ಮುಂದೆ. ಎರಡನೆಯ ಮತ್ತು ನಾಲ್ಕನೆಯ ಕ್ಷುದ್ರಗ್ರಹಗಳಾದ ಪಲ್ಲಾಸ್ ಮತ್ತು ವೆಸ್ಟಾಗಳನ್ನು ಕಂಡ ಓಲ್ಬರ್ಸ್ ವೃತ್ತಿಯಲ್ಲಿ ವೈದ್ಯರು. ಹಗಲು ರೋಗಿಗಳು, ರಾತ್ರಿ ನಕ್ಷತ್ರಗಳು. 1807ರಲ್ಲಿ ವೆಸ್ಟಾ ಸಿಕ್ಕ ಮೇಲೆ 38 ವರ್ಷ ಯಾರಿಗೂ ಏನೂ ಸಿಗಲಿಲ್ಲ. ಇನ್ನು ಇಲ್ಲವೇ ಇಲ್ಲ ಎಂದು ಬಹಳ ಜನ ಕೈಬಿಟ್ಟರು. ಹೆಂಕೆ ಎಂಬ ಒಬ್ಬರು ಬಿಡಲಿಲ್ಲ. ಅವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ತಾವೇ ಆಕಾಶದ ನಕ್ಷೆ ಬರೆದುಕೊಂಡು 15 ವರ್ಷ ಹುಡುಕಿದರು. 1845ರ ಡಿಸೆಂಬರ್‌ನಲ್ಲಿ, ನಕ್ಷೆಯಲ್ಲಿ ಇಲ್ಲದ ಒಂದು ಚುಕ್ಕಿ ಕಂಡಿತು. ಅದೇ ಐದನೆಯದು, ಆಸ್ಟ್ರಿಯಾ. ಪಿಂಚಣಿ ಪಡೆಯುತ್ತಿರುವ ತಾತಂದಿರು ಇದನ್ನು ಇನ್ನೊಮ್ಮೆ ಓದಿಕೊಳ್ಳಬಹುದು!

ಪ್ಯಾರಿಸ್‌ನಲ್ಲಿ ಗೋಲ್ಡ್‌ಸ್ಮಿಟ್ ಎಂಬ ಚಿತ್ರಕಾರರಿದ್ದರು. ಒಂದು ಕಾಫಿ ಅಂಗಡಿಯ ಮೇಲಿನ ಮನೆಯಲ್ಲಿ ವಾಸ. ಅಲ್ಲಿಂದಲೇ ಚಿಕ್ಕ ದೂರದರ್ಶಕದಲ್ಲಿ ನೋಡಿ 1852ರಲ್ಲಿ ಲುಟೇಷಿಯಾ ಎಂಬ ಕ್ಷುದ್ರಗ್ರಹ ಕಂಡರು. ಆಮೇಲೆ ಒಟ್ಟು 14 ಕಂಡುಹಿಡಿದರು. ಅವರು ಕಿಟಕಿಯಿಂದ ಚುಕ್ಕಿಯಾಗಿ ನೋಡಿದ ಆ ಲುಟೇಷಿಯಾದ ಪಕ್ಕದಲ್ಲೇ 2010ರಲ್ಲಿ ರೊಸೆಟ್ಟಾ ನೌಕೆ ಹಾದುಹೋಗಿ ಫೋಟೊ ತೆಗೆಯಿತು.

ಈಗ ನಮ್ಮ ಕಡೆಗೆ ಬರೋಣ. ಮಡಿವಾಳಕ್ಕೆ ಅಂಟಿಕೊಂಡ ಕೋರಮಂಗಲದ ಎರಡನೇ ಬ್ಲಾಕಿನಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. ನೀವು ಬಸ್ಸಿನಲ್ಲಿ ಅದರ ಮುಂದೆ ಎಷ್ಟೋ ಸಲ ಹೋಗಿರುತ್ತೀರಿ. ಅದರ ಮೂಲ ಹುಡುಕಿದರೆ ಹಳೆಯ ಮದರಾಸು ವೀಕ್ಷಣಾಲಯಕ್ಕೆ ಹೋಗಿ ನಿಲ್ಲುತ್ತೇವೆ. ಆ ಮದರಾಸಿನಲ್ಲಿ ನಾರ್ಮನ್ ಪಾಗ್ಸನ್ ಎಂಬುವರು 1861ರ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹ ಕಂಡರು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು ಅದು. ಹಾಗಾಗಿ ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟರು. 1885ರಲ್ಲಿ ಅವರಿಗೆ ಸಿಕ್ಕ ವೀರಾ ಆದ ಮೇಲೆ, ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ದೇಶದಿಂದ ಹೊಸದು ಸಿಗಲಿಲ್ಲ.

ಆ ಮೌನ ಮುರಿದವರು ಇದೇ ಖಭೌತ ಸಂಸ್ಥೆಯ ಆರ್. ರಾಜಮೋಹನ್. ತಮಿಳುನಾಡಿನ ಕಾವಲೂರಿನಲ್ಲಿ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿ ‘ಕಲ್ಕಿ’ ಎಂಬ ಯೋಜನೆಯಡಿ ಹುಡುಕಾಟ ನಡೆದಿತ್ತು. 1988ರ ಫೆಬ್ರುವರಿ 17ರಂದು ಹೊಸ ಕ್ಷುದ್ರಗ್ರಹವೊಂದು ಸಿಕ್ಕಿತು. ಅದಕ್ಕೆ ಮಹಾ ಗಣಿತಜ್ಞ ರಾಮಾನುಜನ್ ಅವರ ಹೆಸರು. ಅದರ ಕ್ರಮಸಂಖ್ಯೆ 4130.

ಇವರೆಲ್ಲ ವೃತ್ತಿಯವರು, ಹವ್ಯಾಸಿಗಳ ಮಾತೇನು ಅನ್ನುತ್ತೀರಾ? ವಿಷ್ಣು ರೆಡ್ಡಿ ಎಂಬ ಭಾರತೀಯ ಹವ್ಯಾಸಿ 2002ರಲ್ಲಿ ಅಮೆರಿಕದ ಅರಿಜೋನಾದಿಂದ ಒಂದನ್ನು ಕಂಡುಹಿಡಿದರು. ಅದರ ಹೆಸರು ಭಾರತ್, ಸಂಖ್ಯೆ 78118. ಪತ್ರಕರ್ತರಾಗಿದ್ದ ಅವರು ಈ ಹವ್ಯಾಸವನ್ನೇ ಹಿಡಿದು ಮುಂದೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಇವತ್ತು ಹೊಸ ಕ್ಷುದ್ರಗ್ರಹಗಳಲ್ಲಿ ಬಹುಪಾಲು ದೊಡ್ಡ ದೂರದರ್ಶಕಗಳಿಗೇ ಸಿಗುತ್ತವೆ. ಆದರೆ ಅವು ತೆಗೆದ ಫೋಟೊಗಳನ್ನು ನೋಡುವುದಕ್ಕೆ ಕಣ್ಣುಗಳು ಬೇಕು. ಅದಕ್ಕಾಗಿ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ನಡೆಯುವ ಕಾರ್ಯಕ್ರಮವೊಂದು ಜಗತ್ತಿನ ಶಾಲೆಗಳಿಗೆ ಚಿತ್ರಗಳನ್ನು ಉಚಿತವಾಗಿ ಕಳಿಸುತ್ತದೆ. ಅವು ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕ ತೆಗೆದವು. ಆಕಾಶದ ಒಂದೇ ಜಾಗದ ಮೂರು ನಾಲ್ಕು ಚಿತ್ರ, ನಡುವೆ ಕೆಲವು ನಿಮಿಷಗಳ ಅಂತರ. ಅವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಬದಲಾಯಿಸುತ್ತಾ ಹೋದರೆ ನಕ್ಷತ್ರಗಳು ಕದಲುವುದಿಲ್ಲ. ಒಂದು ಚುಕ್ಕಿ ಮಾತ್ರ ನೇರ ಗೆರೆಯಲ್ಲಿ, ಒಂದೇ ಅಳತೆಯ ಹೆಜ್ಜೆ ಹಾಕಿದರೆ, ಅದೇ ನಮ್ಮ ಕಳ್ಳ! 2020ರಲ್ಲಿ ಸೂರತ್‌ನ ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಹೀಗೆ ಒಂದು ಹೊಸ ಚುಕ್ಕಿಯನ್ನು ಗುರುತಿಸಿದರು. ಹಾಗಾಗಿ ನಮ್ಮ ಹುಡುಗಿಗೆ ಉತ್ತರ: ಆಗುತ್ತೆ ಮರಿ. ಮಡಿವಾಳದ ಆಕಾಶ ಮಬ್ಬಾಗಿದ್ದರೂ ಹವಾಯಿಯ ಆಕಾಶ ನಿನ್ನ ಶಾಲೆಯ ಕಂಪ್ಯೂಟರಿಗೇ ಬರುತ್ತದೆ.

ಆದರೆ ಗುರುತಿಸಿದ ದಿನವೇ ಅದು ‘ಕಂಡುಹಿಡಿದ’ ಲೆಕ್ಕಕ್ಕೆ ಸೇರುವುದಿಲ್ಲ. ಏಕೆ ಗೊತ್ತಾ? ಎರಡು ಕಟ್ಟಡಗಳ ಸಂದಿಯಿಂದ ಹೊಸೂರು ರಸ್ತೆಯ ಒಂದು ಬಸ್ಸು ಒಂದು ಕ್ಷಣ ಕಂಡಿತು ಎಂದುಕೊಳ್ಳಿ. ಅದು ಸಿಲ್ಕ್ ಬೋರ್ಡ್ ಹತ್ತಿರ ಎಡಕ್ಕೆ ಎಚ್‌ಎಸ್‌ಆರ್ ಕಡೆ ಹೋಗುತ್ತೋ, ಬಲಕ್ಕೆ ಬನಶಂಕರಿ ಕಡೆ ತಿರುಗುತ್ತೋ, ನೇರ ಎಲೆಕ್ಟ್ರಾನಿಕ್ ಸಿಟಿಗೋ? ಹೇಳಲಾಗುವುದಿಲ್ಲ. ಮುಂದಿನ ಸಂದಿಯಲ್ಲಿ ಒಮ್ಮೆ, ಅದರ ಮುಂದಿನ ಸಂದಿಯಲ್ಲಿ ಇನ್ನೊಮ್ಮೆ ಕಂಡರೆ ದಾರಿ ಗೊತ್ತಾಗುತ್ತದೆ. ಕ್ಷುದ್ರಗ್ರಹಕ್ಕೂ ಹೀಗೆಯೇ. ಹಲವು ರಾತ್ರಿ, ಹಲವು ಊರುಗಳಿಂದ ನೋಡಿದವರ ಅಳತೆಗಳನ್ನು ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್ ಒಟ್ಟುಗೂಡಿಸುತ್ತದೆ. ಕೆಲವು ವರ್ಷಗಳ ಮೇಲೆ ಕಕ್ಷೆ ಖಚಿತವಾದಾಗ ಶಾಶ್ವತ ಸಂಖ್ಯೆ ಸಿಗುತ್ತದೆ. ಹೀಗೆ ಹಿಂಬಾಲಿಸುವ ಕೆಲಸದಲ್ಲಿ ಹವ್ಯಾಸಿಗಳ ಪಾಲು ದೊಡ್ಡದು.

ಇದು ಬರೀ ಹೆಸರಿನ ಆಸೆಯ ಕೆಲಸವಲ್ಲ. 2024ರ ಡಿಸೆಂಬರ್ 27ರಂದು ಚಿಲಿ ದೇಶದ ದೂರದರ್ಶಕವೊಂದಕ್ಕೆ 2024 ವೈಆರ್4 ಎಂಬ ಕ್ಷುದ್ರಗ್ರಹ ಸಿಕ್ಕಿತು. ಅದು 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಇದೆ ಎಂದರು. ಫೆಬ್ರುವರಿಯಲ್ಲಿ ಆ ಸಾಧ್ಯತೆ ಶೇ 3.1ಕ್ಕೆ ಏರಿತು. ಮನೆಮನೆಯ ಮೊಬೈಲ್‌ಗಳಲ್ಲಿ ‘ಪ್ರಳಯ’ ಓಡಾಡಿತು. ಆಗ ಭಯವನ್ನು ಕಳೆದದ್ದು ಇನ್ನಷ್ಟು ರಾತ್ರಿಗಳ ಅಳತೆ. ದಾರಿ ಸ್ಪಷ್ಟವಾದಂತೆ ಸಾಧ್ಯತೆ ಇಳಿಯಿತು. ಆ ತಿಂಗಳು ಮುಗಿಯುವುದರೊಳಗೆ ಭೂಮಿಗೆ ಅಪಾಯ ಇಲ್ಲವೆಂದೇ ಆಯಿತು. ಮುಂದಿನ ಸಲ ಅಂಥ ಸಂದೇಶ ಬಂದರೆ ಅಜ್ಜಿ, ತಾತ ಕೇಳಬೇಕಾದ ಪ್ರಶ್ನೆ ಒಂದೇ: “ಎಷ್ಟು ದಿನ ಹಿಂಬಾಲಿಸಿ ಹೇಳಿದ್ದು?”

ಇನ್ನು ಆ ‘ವೈ’ ಎಲ್ಲಿಂದ ಬಂತು? ಇದು ಮನೆಮಂದಿ ಎಲ್ಲ ಆಡಬಹುದಾದ ಆಟ. ಜನವರಿಯ 1ರಿಂದ 15ರವರೆಗೆ ಎ, 16ರಿಂದ ತಿಂಗಳ ಕೊನೆಯವರೆಗೆ ಬಿ. ಫೆಬ್ರುವರಿಗೆ ಸಿ, ಡಿ. ಹೀಗೆ ಪ್ರತಿ ತಿಂಗಳಿಗೆ ಎರಡು ಇಂಗ್ಲಿಷ್ ಅಕ್ಷರ. ಐ ಅಕ್ಷರ ಬಿಡಬೇಕು, ಏಕೆಂದರೆ ಅದು 1ರ ಹಾಗೆ ಕಾಣುತ್ತದೆ. ಡಿಸೆಂಬರ್‌ನ ಎರಡನೇ ಅರ್ಧಕ್ಕೆ ಬಂದಾಗ ಸರಿಯಾಗಿ ವೈ. ರಾಮಾನುಜನ್ ಕ್ಷುದ್ರಗ್ರಹದ ಮೊದಲ ಅಕ್ಷರ ಯಾವುದಿರಬೇಕು? ತಾರೀಖು ಮೇಲೆ ಕೊಟ್ಟಿದ್ದೇನೆ. ಆಮೇಲೆ ನಿಮ್ಮ ಹುಟ್ಟುಹಬ್ಬದ ಅಕ್ಷರವನ್ನೂ ಲೆಕ್ಕ ಹಾಕಿ.

ಕೊನೆಗೆ ಒಂದು ಎಚ್ಚರ. ಸಂಖ್ಯೆ ಸಿಕ್ಕ ಮೇಲೆ ಕಂಡುಹಿಡಿದವರು ಹೆಸರು ಸೂಚಿಸಬಹುದು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ ಅದನ್ನು ಒಪ್ಪಬೇಕು. 16 ಅಕ್ಷರ ಮೀರಬಾರದು, ಅಂಗಡಿಯ ಜಾಹೀರಾತು ಆಗಬಾರದು. ದುಡ್ಡು ಕೊಟ್ಟು ಆ ಹೆಸರನ್ನು ಕೊಳ್ಳಲಾಗುವುದಿಲ್ಲ. ಯಾರಾದರೂ ಮಾರಲು ಬಂದರೆ ನಯವಾಗಿ ಬೇಡ ಅನ್ನಿ.

ಹುಡುಕಾಟ ಶುರುಮಾಡುವ ಮುಂಚೆ ಕಣ್ಣು ಪಳಗಲಿ. ಮನೆಯಲ್ಲೋ ಪರಿಚಯದವರಲ್ಲೋ ಬೈನಾಕ್ಯುಲರ್ ಇದ್ದರೆ ಸಾಕು. ವೆಸ್ಟಾ ಪ್ರಖರವಾಗಿರುವ ತಿಂಗಳುಗಳಲ್ಲಿ ಅದನ್ನು ತಾರಸಿಯಿಂದಲೇ ಹುಡುಕಬಹುದು. ಅದು ಯಾವಾಗ, ಎಲ್ಲಿ ಎಂಬುದನ್ನು ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ನೆಹರೂ ತಾರಾಲಯದಲ್ಲೂ ಕೇಳಬಹುದು. ಚಂದ್ರನಿಲ್ಲದ ರಾತ್ರಿ, ಬೀದಿದೀಪಕ್ಕೆ ಬೆನ್ನು ಹಾಕಿ ನಿಂತು, ಬೈನಾಕ್ಯುಲರ್‌ನಲ್ಲಿ ಕಂಡ ಚುಕ್ಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ತಾತ ಬ್ಯಾಟರಿ ಹಿಡಿಯಲಿ, ಗಾಜಿಗೆ ಕೆಂಪು ಕಾಗದ ಸುತ್ತಿರಲಿ. ಮೂರು ದಿನ ಬಿಟ್ಟು ಅದೇ ಜಾಗವನ್ನು ಇನ್ನೊಂದು ಹಾಳೆಯಲ್ಲಿ ಬರೆದು ಎರಡನ್ನೂ ಪಕ್ಕ ಪಕ್ಕ ಇಡಿ. ಜಾಗ ಬದಲಿಸಿದ ಚುಕ್ಕಿ ಯಾವುದೆಂದು ನೀವೇ ಹೇಳುತ್ತೀರಿ. ಎರಡೂ ಹಾಳೆಗಳ ಮೇಲೆ ತಾರೀಖು, ಗಂಟೆ, ನಿಮಿಷ ಬರೆಯಲು ಮರೆಯಬೇಡಿ. ವೇಳೆ ಬರೆಯದ ಚಿತ್ರ ಕೊಟ್ಟಿದ್ದರೆ ಗಾಸ್ ಅವರ ಕೈಯಲ್ಲೂ ಲೆಕ್ಕ ಆಗುತ್ತಿರಲಿಲ್ಲ.