ಇಡ್ಲಿಗೆ ಯಾವ ಅಕ್ಕಿ?

ಊರಿನಿಂದ ದೆಹಲಿಗೆ ಬರುವ ನಮ್ಮವರ ಸಾಮಾನಿನಲ್ಲಿ ಅಕ್ಕಿಯ ಗಂಟೊಂದು ಇದ್ದೇ ಇರುತ್ತದೆ. "ಇಲ್ಲಿಯ ಅಕ್ಕಿಯಲ್ಲಿ ಇಡ್ಲಿ ಕಲ್ಲಾಗುತ್ತದೆ" ಎಂಬುದು ಸೋದರಿಯರ ದೂರು. ಕಚೇರಿಯಲ್ಲಿ ಕಡತ ತಿರುವುವವರಿಗೆ ಹಿಟ್ಟಿನ ಉಸಾಬರಿ ಏಕೆಂದು ನಗಬೇಡಿ. ತಿಂಗಳ ಕೊನೆಗೆ ದಿನಸಿಯ ಚೀಟಿ ಬರುವುದು ನಮ್ಮ ಕೈಗೇ ತಾನೆ!

ಇಲ್ಲಿ "ಒಳ್ಳೆಯ ಅಕ್ಕಿ" ಎಂದೊಡನೆ ಅಂಗಡಿಯವನು ಬಾಸುಮತಿ ತೂಗುತ್ತಾನೆ. ಪಲಾವಿಗೆ ಅದು ಭೂಷಣ, ಇಡ್ಲಿಗೆ ದಂಡ. ಹಿಟ್ಟು ಹುಳಿ ಬಂದ ಮೇಲೆ ಪರಿಮಳವೂ ಉಳಿಯದು, ಕೊಟ್ಟ ಹಣವೂ ದಕ್ಕದು. ಇಡ್ಲಿಗೆ ಬೇಕಾದುದು ಸಾಮಾನ್ಯ ಕುಸುಬಲಕ್ಕಿ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಹೊಟ್ಟು ತೆಗೆದ ಅಕ್ಕಿಯಿದು. ಕಾಳು ಒಮ್ಮೆ ಬೆಂದಿರುವುದರಿಂದ ನೀರು ಹಿಡಿದು ಇಡ್ಲಿಯನ್ನು ಮೆತ್ತಗಿಡುತ್ತದೆ. ಗಾಜಿನ ಹೊಳಪು, ತುಸು ಹಳದಿ ಬಣ್ಣ ಇದರ ಗುರುತು. ದೆಹಲಿಯಲ್ಲಿ ಇದಕ್ಕೆ 'ಸೇಲಾ' ಎನ್ನುತ್ತಾರೆ. ಬಾಸುಮತಿಯಲ್ಲೂ ಸೇಲಾ ಉಂಟು. ಆದುದರಿಂದ 'ಪರ್ಮಲ್ ಸೇಲಾ' ಎಂದು ಬಿಡಿಸಿ ಕೇಳಿರಿ. ಮುಂಬಯಿಗೆ ವರ್ಗವಾದವರು 'ಉಕಡಾ ತಾಂದೂಳ' ಎನ್ನಲಿ. ಚೆನ್ನೈಗೆ ಹೋದವರು 'ಪುಳುಂಗಲ್ ಅರಿಸಿ', ಹೈದರಾಬಾದಿಗೆ ಹೋದವರು 'ಉಪ್ಪುಡು ಬಿಯ್ಯಂ'.

ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು. ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದು 5-6 ಗಂಟೆ ನೆನೆಸಿ. ಉದ್ದಿಗೆ ಅರ್ಧ ಚಮಚ ಮೆಂತ್ಯ ಸೇರಿಸಿ ಬೇರೆಯಾಗಿ 4 ಗಂಟೆ ನೆನೆಸಿ. ಉದ್ದನ್ನು ತಣ್ಣೀರು ಚಿಮುಕಿಸುತ್ತ ಬೆಣ್ಣೆಯಂತೆ ರುಬ್ಬಿ. ಅಕ್ಕಿ ಮಾತ್ರ ಸಣ್ಣ ರವೆಯಷ್ಟು ತರಿಯಾಗಿರಲಿ. ಉಪ್ಪು ಬೆರೆಸಿ ಕೈಯಿಂದಲೇ ಕಲಸಿ ಮುಚ್ಚಿಡಿ. ಬೇಸಗೆಯಲ್ಲಿ ಒಂದು ರಾತ್ರಿ ಸಾಕು. ಜನವರಿಯ ಚಳಿಯಲ್ಲಿ ಪಾತ್ರೆಗೆ ಕಂಬಳಿ ಹೊದಿಸಿ, ಗಡಿಯಾರ ಮರೆತು, ಹಿಟ್ಟು ಉಬ್ಬುವವರೆಗೆ ಕಾಯಬೇಕು.

ಕುಸುಬಲಕ್ಕಿ ಸಿಗದಿದ್ದರೆ? ಬಿಳಿಯ ಅಕ್ಕಿಯನ್ನೇ ತೊಳೆದು, ನೆರಳಿನಲ್ಲಿ ಬಟ್ಟೆಯ ಮೇಲೆ ಆರಿಸಿ, ತರಿಯಾಗಿ ಒಡೆದು ಜರಡಿ ಹಿಡಿಯಿರಿ. ಈ ರವೆ ಎರಡು ಪಾಲು, ಉದ್ದು ಒಂದು ಪಾಲು. ರವೆಯನ್ನು ನೆನೆಸಿ, ನೀರು ಹಿಂಡಿ, ರುಬ್ಬಿದ ಉದ್ದಿಗೆ ಬೆರೆಸಿದರಾಯಿತು.

ಊರಿನ ಅಕ್ಕಿಯೇ ಆಗಬೇಕೆನ್ನುವ ಹಿರಿಯರಿಗೆ ಒಂದು ಮಾತು. ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದ ಇಡ್ಲಿ ಬರಿಯ ಉದ್ದಿನದು. ಅಕ್ಕಿಯ ಸುದ್ದಿಯೇ ಅಲ್ಲಿಲ್ಲ. ಅಕ್ಕಿ ಆಮೇಲೆ ಬಂದು ಮನೆಯವರಲ್ಲಿ ಒಂದಾಯಿತು. ಸೇಲಾಕ್ಕೂ ಅಷ್ಟು ಜಾಗ ಕೊಡೋಣ. ಇಲ್ಲಿ ಹುಟ್ಟಿ ಬೆಳೆಯುವ ಮಕ್ಕಳು ಇಡ್ಲಿಯನ್ನು ಹೋಟೆಲಿನ ತಿಂಡಿಯೆಂದು ತಿಳಿಯಬಾರದು. ವಾರಕ್ಕೊಮ್ಮೆಯಾದರೂ ಅಮ್ಮನ ಕೈಯ ಮೆತ್ತನೆಯ ಇಡ್ಲಿ ಅವರ ತಟ್ಟೆಗೆ ಬೀಳಲಿ. ಅಕ್ಕಿ ರುಬ್ಬುವ ಸರದಿ ಅಪ್ಪನದಾದರೂ ಅಡ್ಡಿಯಿಲ್ಲ.