ಕೂನೂರಿಗೊಂದು ಕಾನೂನು, ಖಾಸಗಿ ಕ್ಲಿನಿಕ್‌ಗೆ ಇನ್ನೊಂದಾ?

ನಂಜನಾಡಿನ ಗೆಳೆಯರೇ, 2008ರ ಜನವರಿಯಲ್ಲಿ ಏನಾಯ್ತು ಅಂತ ಮನೆಯ ಹಿರಿಯರನ್ನು ಕೇಳಿ. 1907ರಿಂದ ನಡೆದು ಬಂದ ನಮ್ಮ ಕೂನೂರಿನ ಪಾಶ್ಚರ್ ಸಂಸ್ಥೆಯ ಲಸಿಕೆ ತಯಾರಿಕೆ ಲೈಸೆನ್ಸ್ ಅಮಾನತಾಯ್ತು. ತಪಾಸಣೆಯಲ್ಲಿ ಗುಣಮಟ್ಟದ ನಿಯಮ ಪಾಲಿಸಿಲ್ಲ ಅಂದರು. ಕಸೌಲಿ, ಗಿಂಡಿಯ ಸರ್ಕಾರಿ ಸಂಸ್ಥೆಗಳಿಗೂ ಅದೇ ಗತಿ. ಮಕ್ಕಳ ಲಸಿಕೆಗೆ ಸರ್ಕಾರವೇ ಖಾಸಗಿ ಕಂಪನಿಗಳ ಬಾಗಿಲಿಗೆ ಹೋಯ್ತು. ಅಮಾನತು ರದ್ದಾಗಿದ್ದು 2010ರಲ್ಲಿ!

ತಪಾಸಣೆ ಬೇಡ ಅಂತಲ್ಲ, ಬೇಕೇ ಬೇಕು. ಅದೇ ಕಟ್ಟುನಿಟ್ಟು, ವಿದೇಶಕ್ಕೆ ಹೊರಟವರಿಗೆ ಸೂಜಿ ಚುಚ್ಚಿ ದುಡ್ಡು ಎಣಿಸೋ ಖಾಸಗಿ ಕ್ಲಿನಿಕ್‌ಗಳಿಗೂ ಇರಲಿ. 1997ರ ತಮಿಳುನಾಡು ಕಾಯ್ದೆಯಂತೆ ನೋಂದಣಿ ಆಗಿದೆಯಾ? ಲಸಿಕೆ ಇಟ್ಟ ಫ್ರಿಜ್ 2ರಿಂದ 8 ಡಿಗ್ರಿಯಲ್ಲಿದೆಯಾ? ಕರೆಂಟ್ ಹೋದ್ರೆ ಏನ್ ಮಾಡ್ತಾರೆ? ಹಳದಿ ಜ್ವರದ ಲಸಿಕೆಗೆ ಕೇಂದ್ರ ಸರ್ಕಾರದ ಮಾನ್ಯತೆ ಇದೆಯಾ? ಮಾನ್ಯತೆ ಇಲ್ಲದ ಕಡೆ ಚುಚ್ಚಿಸ್ಕೊಂಡ್ರೆ ಆ ಕಾರ್ಡ್ ಏರ್‌ಪೋರ್ಟಲ್ಲಿ ಬರೀ ಕಾಗದ.

ಇನ್ನೊಂದು ಪ್ರಶ್ನೆ ನಮ್ಮದೇ. ಓದಕ್ಕೆ ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರೆ ಅದು ಒಪ್ಪಿಗೆನಾ? ಅಲರ್ಜಿ ಇದೆಯಾ, ಬಸುರಿಯಾ ಅಂತ ಕೇಳಿದ್ದೇ ಅರ್ಥ ಆಗದಿದ್ರೆ ಹೋಗೋದು ಜೀವ. ತಪಾಸಣೆಗೆ ಬರೋ ಅಧಿಕಾರಿ ಫ್ರಿಜ್ ಜೊತೆ ಭಾಷೆಯನ್ನೂ ನೋಡಲಿ.

ಸುಮ್ನೆ ಕೂರಬೇಡಿ. ಸೂಜಿಗೆ ಮೊದಲು ಬಾಟಲಿ ನೋಡಿ. ಹೆಸರು, ಬ್ಯಾಚ್ ನಂಬರ್, ಅವಧಿ ಓದಿ, ಬಿಲ್ ಕೇಳಿ. ತಪ್ಪು ಕಂಡ್ರೆ ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ ಕನ್ನಡದಲ್ಲೇ ದೂರು ಬರೀರಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಬೇಡೋದಲ್ಲ, ಕೇಳೋದು!